ಡಬ್ಬಿ ಮುಚ್ಚಳದ ಸ್ಟೇರಿಂಗ್

"ನಿಲ್ಸಿ! ಸ್ವಲ್ಪ ನಿಲ್ಸಿ...!"

ಸ್ಟಾಪಿನಿಂದ ಹೊರಟಿದ್ದ ಬಸ್ಸಿನ ಮೈಗೆ ಅಂಗೈಯಿಂದ ಬಡಿಯುತ್ತಾ ಅವಳು ಓಡಿದಳು. ಪಕ್ಕದ ಕನ್ನಡಿಯಲ್ಲಿ ಡ್ರೈವರ್ ಅವಳನ್ನು ನೋಡಿದ. ನೋಡಿಯೂ... ಬಾಗಿಲು ತೆರೆಯಲಿಲ್ಲ!

ಎಂಥ ಕಲ್ಲು ಮನಸ್ಸಿನ ಮನುಷ್ಯ!

ಬಸ್ ನಿಲ್ದಾಣದ ಲಗೇಜ್ ರೂಮಿನಲ್ಲಿ ಅವಳ ಕೆಲಸ. ಅಂದು ತಡವಾಗಿ ಹೋಗಿ ಸೂಪರ್‌ವೈಸರ್ ಹತ್ತಿರ ಚೆನ್ನಾಗಿ ಮಂಗಳಾರತಿ ಮಾಡಿಸಿಕೊಂಡಳು.

ಸಂಜೆ ನಿಲ್ದಾಣದ ಮಹಡಿಯ ಮೇಲೆ ಇಂಗ್ಲಿಷ್ ಕ್ಲಾಸಿನ ಮೊದಲ ದಿನ. ಪರೀಕ್ಷೆ ಪಾಸಾದರೆ ಅವಳಿಗೆ ವಿಚಾರಣೆ ಕೌಂಟರಿನ ಕೆಲಸ. ಧೂಳು ಹಿಡಿದ ಪೆಟ್ಟಿಗೆಗಳ ನಡುವೆ ಬೆನ್ನು ನೋಯಿಸಿಕೊಳ್ಳುವುದು ತಪ್ಪುತ್ತದೆ. ಆದರೆ... ನನ್ನಂಥವಳಿಗೆ ಇಂಗ್ಲಿಷ್ ಬರುತ್ತದೆಯೇ?

ಟೀಚರಮ್ಮ ಕುರ್ಚಿಗಳನ್ನು ಬಸ್ಸಿನ ಸೀಟುಗಳ ಹಾಗೆ ಜೋಡಿಸಿದ್ದರು.

"ಇದು ನಮ್ಮ ಬಸ್ಸು. ಹತ್ತಿದ್ರೆ ಗೆಟ್ ಆನ್, ಇಳಿದ್ರೆ ಗೆಟ್ ಆಫ್, ಹೊರಟ್ರೆ ಸೆಟ್ ಆಫ್. ಬಾಯಲ್ಲಿ ಹೇಳ್ತಾ ಮೈಯಲ್ಲಿ ಮಾಡಿ ತೋರಿಸ್ಬೇಕು. ಪರೀಕ್ಷೇಲೂ ಹೀಗೇ. ಇಬ್ಬಿಬ್ಬರು ಜೋಡಿ, ಇಬ್ಬರಿಗೂ ಸೇರಿ ಒಂದೇ ಮಾರ್ಕು!"

ಅವಳ ಜೋಡಿಯಾಗಿ ಮುಂದಿನ ಕುರ್ಚಿಯಲ್ಲಿ ಕೂತಿದ್ದವನು ತಿರುಗಿದ. ಬೆಳಿಗ್ಗೆ ಬಸ್ಸಿನ ಕನ್ನಡಿಯಲ್ಲಿ ಕಂಡ ಅದೇ ಕಣ್ಣು!

"ನೀವಾ? ಬೆಳಿಗ್ಗೆ ಬಾಗಿಲು ತೆಗ್ದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಅವನು ತಲೆ ತಗ್ಗಿಸಿದ.

"ಹಿಂದೊಂದ್ಸಲ ತೆಗ್ದಿದ್ದೆ. ಓಡ್ತಾ ಹತ್ತೋಕೆ ಹೋಗಿ ಅಜ್ಜಿ ಒಬ್ರು ಬಿದ್ರು. ಕಾಲು ಮುರೀತು. ಆಮೇಲಿಂದ... ಓಡಿ ಬರೋರನ್ನ ಕಂಡ್ರೆ ಕೈಯೇ ಏಳಲ್ಲ ನಂಗೆ."

ಅವಳ ಸಿಟ್ಟು ಇಳಿಯಿತು.

ಅವನ ಕಷ್ಟ ಇನ್ನೊಂದಿತ್ತು. ಇಂಗ್ಲಿಷ್ ಅಂದ ಕೂಡಲೇ ನಾಲಿಗೆ ಮರಗಟ್ಟುತ್ತಿತ್ತು. ದಿನಗಟ್ಟಲೆ ಬರೀ ಬೆವರಿದ. ಕೊನೆಗೊಂದು ಸಂಜೆ ತನ್ನ ಊಟದ ಡಬ್ಬಿಯ ದುಂಡನೆಯ ಮುಚ್ಚಳವನ್ನು ತಂದು, ಸ್ಟೇರಿಂಗಿನಂತೆ ಎರಡೂ ಕೈಯಲ್ಲಿ ಹಿಡಿದು ಕೂತ.

"ಪ್ಲೀಸ್ ಗೆಟ್ ಆನ್, ಮೇಡಂ. ವಿ ಆರ್ ಸೆಟಿಂಗ್ ಆಫ್!"

ಕ್ಲಾಸಿಗೆ ಕ್ಲಾಸೇ ಚಪ್ಪಾಳೆ ತಟ್ಟಿತು.

"ಕೈ ಖಾಲಿ ಇದ್ರೆ ಬಾಯೂ ಖಾಲಿ ಕಣ್ರೀ ನಂಗೆ," ಎಂದ ಅವನು ನಾಚುತ್ತಾ. ಅವತ್ತಿನಿಂದ ಅವಳು ಸಂಜೆಗಾಗಿ ಕಾಯತೊಡಗಿದಳು. ಇಂಗ್ಲಿಷಿಗಾಗಿ ಮಾತ್ರವೇ...? ತನ್ನನ್ನು ತಾನೇ ಕೇಳಿಕೊಳ್ಳಲು ಅವಳಿಗೆ ಧೈರ್ಯವಿರಲಿಲ್ಲ.

ಪರೀಕ್ಷೆಗೆ ಒಂದು ವಾರವಿರುವಾಗ, ಪರೀಕ್ಷೆ ನಡೆಸುವ ಅಧಿಕಾರಿಯೇ ತಾಲೀಮು ನೋಡಲು ಬಂದರು.

"ಇದೇನ್ರೀ ಮಕ್ಕಳಾಟ? ಆ ಮುಚ್ಚಳ ಕೆಳಗಿಡಿ!"

ಅವನು ಇಟ್ಟ. ಬಾಯಿ ತೆರೆದ. ಒಂದು ಅಕ್ಷರವೂ ಹೊರಬರಲಿಲ್ಲ. ಯಾರೋ ಕಿಸಕ್ಕೆಂದರು. ಆಗಲೇ ಅವಳೂ ನಕ್ಕುಬಿಟ್ಟಳು... ಎಲ್ಲರಿಗಿಂತ ಜೋರಾಗಿ!

ಹೆದರಿದರೆ ಅವಳಿಗೆ ನಗು ಬರುತ್ತಿತ್ತು. ಚಿಕ್ಕಂದಿನಿಂದಲೂ ಅಷ್ಟೇ. ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ ದಿನವೂ ನಕ್ಕು ಅಕ್ಕನ ಕೈಯಲ್ಲಿ ಏಟು ತಿಂದಿದ್ದಳು. ಆದರೆ ಅವನಿಗೇನು ಗೊತ್ತು? ಒಮ್ಮೆ ಅವಳತ್ತ ನೋಡಿ ಎದ್ದು ಹೋದ. ಮುಚ್ಚಳ ಅಲ್ಲೇ ಉಳಿಯಿತು.

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಕ್ಲಾಸಿನ ಮೀಸೆ ಕಂಡಕ್ಟರ್ ಸುದ್ದಿ ತಂದ.

"ಆ ಹುಡುಗಿ ಜೊತೆ ಬೇಡ, ಅವರಿಗೆ ಬೇರೆ ಯಾರನ್ನಾದ್ರೂ ಕೊಡಿ ಅಂತ ಟೀಚರಮ್ಮನ ಹತ್ರ ಹೇಳ್ಬಿಟ್ನಂತೆ. ಏನ್ ಮಾಡಿದ್ರಮ್ಮ ನೀವು?"

ಅಷ್ಟೊಂದು ಬೇಡವಾದೆನೇ? ಅವನ ಬಸ್ಸು ಬಂದರೆ ಕಂಬದ ಹಿಂದೆ ನಿಲ್ಲತೊಡಗಿದಳು. ಊಟದ ತಟ್ಟೆ ಮುಂದೆ ಸುಮ್ಮನೆ ಕೂತ ತಂಗಿಯನ್ನು ಕಂಡು ಅಕ್ಕ ಬಾಯಿ ಬಿಡಿಸಿದಳು.

"ಯಾಕೆ ನಕ್ಕೆ ಅಂತ ಅವನಿಗೆ ಹೇಳಿದ್ಯಾ?"

"ಇಲ್ಲ..."

"ಮತ್ತೆ ಅವನಿಗೇನು ಕನಸು ಬೀಳುತ್ತಾ? ಹೋಗಿ ಹೇಳೇ, ಪೆದ್ದಿ!"

ಪರೀಕ್ಷೆಯ ಹಿಂದಿನ ದಿನ ಅವಳು ಬೇಗನೇ ಬಂದು ಸ್ಟಾಪಿನಲ್ಲಿ ನಿಂತಳು. ಓಡಲಿಲ್ಲ. ಬಸ್ಸು ಬಂತು, ಬಾಗಿಲು ತೆರೆಯಿತು. ಹತ್ತಿ ಅವನ ಹಿಂದಿನ ಸೀಟಿನಲ್ಲೇ ಕೂತಳು.

ಎದುರಿಗೇ ಬೋರ್ಡು: 'ಚಾಲಕರೊಂದಿಗೆ ಮಾತನಾಡಬೇಡಿ.'

ಅವಳ ಜಾಗದಲ್ಲಿ ಬೇರೆ ಯಾರಾದರೂ ಇದ್ದಿದ್ದರೆ ಅದಕ್ಕೆ ಸೊಪ್ಪು ಹಾಕುತ್ತಿರಲಿಲ್ಲ. ಅಜ್ಜಿ ಬಿದ್ದ ಕಥೆ ಕೇಳಿದ್ದ ಅವಳು ತುಟಿ ಕಚ್ಚಿ ಕೂತಳು. ಸ್ಟಾಪುಗಳು ಬಂದವು, ಹೋದವು. ಕನ್ನಡಿಯಲ್ಲಿ ಅವನ ಕಣ್ಣು ಒಮ್ಮೆ ಅವಳನ್ನು ಮುಟ್ಟಿ, ರಸ್ತೆಗೆ ಓಡಿಹೋಯಿತು.

ಕೊನೆಯ ಸ್ಟಾಪು. ಎಲ್ಲರೂ ಇಳಿದರು. ಇಂಜಿನ್ ಸುಮ್ಮನಾಯಿತು.

"ಇಳೀಬೇಕು," ಎಂದ ಅವನು, ತಿರುಗದೆಯೇ.

"ಇಳಿಯಲ್ಲ."

"ಪ್ಲೀಸ್ ಗೆಟ್ ಆಫ್, ಮೇಡಂ. ದಿಸ್ ಈಸ್ ದ ಲಾಸ್ಟ್ ಸ್ಟಾಪ್."

"ಇಂಗ್ಲಿಷಿನ ಹಿಂದೆ ಬಚ್ಚಿಟ್ಕೋಬೇಡಿ!" ಅವಳ ದನಿ ಒಡೆಯಿತು. "ಅವತ್ತು ನಿಮ್ಮನ್ನ ನೋಡಿ ನಗ್ಲಿಲ್ಲ ನಾನು. ಹೆದರ್ಕೊಂಡೆ! ಹೆದರಿದ್ರೆ ನಂಗೆ ನಗು ಬರುತ್ತೆ. ಹಾಳು ನಗು... ತಡೆಯೋಕಾಗಲ್ಲ. ನೀವು ಒದ್ದಾಡ್ತಿದ್ರಿ, ನನ್ನ ಜೀವ ಬಾಯಿಗೆ ಬಂದಿತ್ತು. ಅಷ್ಟಕ್ಕೇ ನನ್ನ ಜೊತೆ ಬೇಡ ಅಂದ್ಬಿಟ್ರಾ?"

ಅವನು ಈಗ ತಿರುಗಿದ.

"ನೋವಾಗಿತ್ತು. ಸುಳ್ಳು ಯಾಕೆ ಹೇಳ್ಲಿ? ಆದ್ರೆ ಬೇಡ ಅಂದಿದ್ದು ಅದಕ್ಕಲ್ಲ. ಇಬ್ಬರಿಗೂ ಒಂದೇ ಮಾರ್ಕಲ್ವಾ? ನಾನು ಕಂಬದ ಹಾಗೆ ನಿಂತ್ರೆ ನಿಮ್ಮ ಕೌಂಟರ್ ಕೆಲಸ ಹೋಗುತ್ತೆ. ಒಬ್ಬರನ್ನ ಬೀಳಿಸಿದ್ದು ಸಾಕು. ನಿಮ್ಮನ್ನೂ ಬೀಳಿಸೋಕೆ... ಆಗಲ್ಲ ನನ್ನ ಕೈಲಿ."

"ಅಂದ್ರೆ... ಕೋಪ ಇಲ್ವಾ?"

"ಕೋಪಾನಾ? ನಿಮ್ಮ ಸ್ಟಾಪಲ್ಲಿ ದಿನಾ ನಿಮ್ಮನ್ನೇ ಹುಡುಕ್ತಾ ನಿಂತು, ಹೊರಡೋದೇ ಮರೆತು, ಪ್ಯಾಸೆಂಜರ್‌ಗಳ ಹತ್ರ ಬೈಸ್ಕೊಂಡಿದ್ದೀನಿ."

ಅವಳ ಕಣ್ಣು ತುಂಬಿತು. ಚೀಲದಿಂದ ಡಬ್ಬಿಯ ಮುಚ್ಚಳ ತೆಗೆದು ಅವನ ಮುಂದೆ ಹಿಡಿದಳು.

"ನಾಳೆ ಬನ್ನಿ. ನನ್ನ ಜೊತೆ."

"ಅವರು ಮತ್ತೆ ಕೆಳಗಿಡಿ ಅಂತಾರೆ."

"ಇಟ್ಬಿಡಿ."

"ಕೈ ಖಾಲಿಯಾಗುತ್ತೆ..."

ಅವಳು ತನ್ನ ಕೈ ಚಾಚಿದಳು.

"ಇದನ್ನ ಕೆಳಗಿಡಿ ಅನ್ನೋ ಅಧಿಕಾರ ಅವರಿಗಿಲ್ಲ."

ಅವನು ಸ್ಟೇರಿಂಗ್ ಬಿಟ್ಟು, ಆ ಕೈಯನ್ನು ಮೆಲ್ಲಗೆ ಹಿಡಿದುಕೊಂಡ.

"ಐ ವಿಲ್... ಪಿಕ್ ಯು ಅಪ್... ಟುಮಾರೋ," ಎಂದ. ತಡವರಿಸಿದ, ಆದರೆ ನಿಲ್ಲಲಿಲ್ಲ.

"ಓಡಿ ಬರ್ಬೇಕಾ?"

"ಬೇಡ. ನಿಧಾನವಾಗಿ ಬನ್ನಿ. ಬಾಗಿಲು ತೆಗ್ದು ಕಾಯ್ತಿರ್ತೀನಿ."

ಅವಳಿಗೆ ನಗು ಬಂತು. ಅವನು ಆತಂಕದಿಂದ ಮುಖ ನೋಡಿದ.

"ಹೆದರಿಕೇನಾ?"

"ಅರ್ಧ."

"ಇನ್ನರ್ಧ?"

ಅವಳು ಕೈ ಬಿಡಿಸಿಕೊಳ್ಳಲಿಲ್ಲ.

"ಕನ್ನಡಿ ನೋಡ್ಕೊಳ್ಳಿ. ಅದಕ್ಕೆ ಕಾರಣ ಅಲ್ಲೇ ಕಾಣುತ್ತೆ."