ನೀಲಿ ಕಿವಿಯೋಲೆ

"ನನ್ನ ಎಮ್ಮೇನ ಮುಟ್ಬೇಡಿ ಡಾಕ್ಟ್ರೇ! ಸಾಯಿಸಿದ್ದು ಸಾಲ್ದಾ?"

ಕೊಟ್ಟಿಗೆಯ ಬಾಗಿಲಲ್ಲೇ ಅವಳ ಕಾಲುಗಳು ನಿಂತುಹೋದವು. ಮುಂದಿನ ತಿಂಗಳು ತನ್ನನ್ನು ಮದುವೆಯಾಗಬೇಕಾದವನು ಇವನೇನಾ?

ಸಿಮೆಂಟು ನೆಲದ ಮೇಲೆ ಎಮ್ಮೆ 'ದೊಡ್ಡಮ್ಮ' ಸತ್ತು ಬಿದ್ದಿತ್ತು. ಗಂಟಲು ಊದಿ, ನಾಲಿಗೆ ಹೊರಚಾಚಿ... ಗಳಲೆ ರೋಗ. ಒಂದೇ ದಿನದಲ್ಲಿ ಜೀವ ತೆಗೆಯುವ ಹಾಳು ರೋಗ! ಅವನ ಅಮ್ಮ ಗೋಡೆಗೆ ಒರಗಿ ಬಿಕ್ಕುತ್ತಿದ್ದರು. ಅವರು ಕರೆದರೆ ಓಗೊಡುತ್ತಿದ್ದ ಎಮ್ಮೆ ಅದು.

ಆ ರೋಗದ ಹೊಸ ಲಸಿಕೆಯನ್ನು ಪರೀಕ್ಷಿಸಲೆಂದೇ ಅವಳು ಎಂಟು ತಿಂಗಳ ಹಿಂದೆ ಈ ಫಾರಂಗೆ ಬಂದಿದ್ದಳು. ನಲವತ್ತು ಎಮ್ಮೆ. ಗುರುತಿಗೆಂದು ಅರ್ಧಕ್ಕೆ ಹಳದಿ ಪ್ಲಾಸ್ಟಿಕ್ ಕಿವಿಯೋಲೆ, ಅರ್ಧಕ್ಕೆ ನೀಲಿ. ಒಂದು ಬಣ್ಣದವಕ್ಕೆ ಲಸಿಕೆ, ಇನ್ನೊಂದಕ್ಕೆ ಬರೀ ಉಪ್ಪುನೀರು. ಯಾವ ಬಣ್ಣಕ್ಕೆ ಯಾವುದೆಂಬ ಗುಟ್ಟು ಸಂಸ್ಥೆಯ ಕಪಾಟಿನ ಲಕೋಟೆಯಲ್ಲಿ ಭದ್ರವಾಗಿತ್ತು. ಚುಚ್ಚುವವಳಿಗೂ ಗೊತ್ತಿರಬಾರದು, ಅದೇ ನಿಯಮ. ಇವನೂ ಒಪ್ಪಿ ಸಹಿ ಹಾಕಿದ್ದ.

ವಾರವಾರ ಎಮ್ಮೆಗಳ ರಕ್ತ ತೆಗೆಯಲು ಬಂದವಳು ಮನಸ್ಸನ್ನೇ ಇಲ್ಲಿ ಬಿಟ್ಟುಹೋಗಿದ್ದಳು ನೋಡಿ!

"ಇದು ಸತ್ತ ಸುದ್ದಿ ಕೇಳಿ ಬೆಳಿಗ್ಗೆ ಲಕೋಟೆ ಒಡೆದ್ರಂತಲ್ಲ? ನೀಲಿಗೆ ಹಾಕಿದ್ದು ಬರೀ ನೀರಂತೆ! ನಿಂಗೆ ಮೊದ್ಲೇ ಗೊತ್ತಿತ್ತು!"

"ನನ್ನಾಣೆ ಗೊತ್ತಿರ್ಲಿಲ್ಲ ಕಣೋ..."

"ಸುಳ್ಳು!"

ಅವಳು ಎಮ್ಮೆಯ ಪಕ್ಕ ಮಂಡಿಯೂರಿದಳು. ಅದರ ಕಿವಿ ಹಿಡಿದು ತಿರುಗಿಸಿ ನೋಡಿದಳು. ನೀಲಿ ಓಲೆಯ ಪಕ್ಕದಲ್ಲೇ ಮಾಗಿದ ಇನ್ನೊಂದು ತೂತು! ತಾನು ಹಾಕಿದ್ದು ಒಂದೇ ಓಲೆ ಅಲ್ಲವೇ?

"ಓಲೆ ಬದಲಾಯಿಸಿದ್ಯಾ?"

ಅವನ ಮುಖ ಬಿಳಿಚಿತು.

"ಮೊದಲ್ನೇ ದಿನ ನೋಡ್ತಿದ್ದೆ... ನೀನು ಹಳದಿಯವಕ್ಕೆ ಸರಸರ ಚುಚ್ಚಿ ಹೋದೆ. ನೀಲಿಯವುಗಳ ಹತ್ರ ಮಾತ್ರ ಕತ್ತು ಸವರ್ತಾ ನಿಂತೆ. ಅದೇ ನಿಜವಾದ ಔಷಧಿ ಅಂದ್ಕೊಂಡೆ. ಮಾರನೇ ದಿನ ದೊಡ್ಡಮ್ಮನ ಸರದಿ. ನೀನು ಬರೋಕ್ಮುಂಚೆ ಪಕ್ಕದ ಎಮ್ಮೆಯ ನೀಲಿ ಓಲೆ ಕಿತ್ತು ಇದಕ್ಕೆ ಹಾಕ್ದೆ, ಇದರ ಹಳದೀನ ಅದಕ್ಕೆ."

ಆ ಪಕ್ಕದ ಎಮ್ಮೆ ಹಳದಿ ಓಲೆ ತೊಟ್ಟು ನೆಮ್ಮದಿಯಾಗಿ ಮೆಲುಕು ಹಾಕುತ್ತಿತ್ತು.

"ನೀನೇನಾ ಮಗನೇ?" ಎಂದರು ಅಮ್ಮ. ಅವನು ಅಲ್ಲೇ ಕುಸಿದು ಕೂತ.

'ಮುಚ್ಚಿಡಲೇ?' ಒಂದೇ ಒಂದು ಕ್ಷಣ ಅವಳ ಮನಸ್ಸು ಹೊಯ್ದಾಡಿತು. ವರದಿಯಲ್ಲಿ ಬರೆದರೆ ನಲವತ್ತೂ ಎಮ್ಮೆಗಳ ಲೆಕ್ಕ ರದ್ದು. ಎಂಟು ತಿಂಗಳ ದುಡಿಮೆ ನೀರುಪಾಲು!

"ನಾನಿದನ್ನ ಬರೀಲೇಬೇಕು."

"ಬರಿ. ನಾನೇ ಸಹಿ ಹಾಕ್ತೀನಿ."

ಹಾಕಿದ. ಹಾಳೆಯನ್ನು ಅವಳ ಕೈಗೆ ಕೊಟ್ಟ.

"ನಿನ್ನ ಕೆಲಸ ಹಾಳ್ಮಾಡ್ದೆ. ಆದ್ರೆ... ನೀಲಿಯವುಗಳ ಹತ್ರ ಯಾಕೆ ಅಷ್ಟೊತ್ತು ನಿಂತಿದ್ದೆ?"

ಅವಳ ಕಣ್ಣು ತುಂಬಿ ಬಂತು.

"ಅಯ್ಯೋ ಮಂಕೇ! ಹಳದಿಯವನ್ನ ಹಿಡ್ಕೊಂಡಿದ್ದು ನಿಮ್ಮಣ್ಣ. ನೀಲಿಯವುಗಳ ಹಗ್ಗ ನಿನ್ನ ಕೈಲಿತ್ತು... ಅದಕ್ಕೇ ಕಣೋ!"

ಅವನು ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಅವಳು ಪಕ್ಕದಲ್ಲೇ ಕೂತಳು, ಆದರೆ ಮುಟ್ಟಲಿಲ್ಲ. ಸಿಟ್ಟು ಇನ್ನೂ ಇಳಿದಿರಲಿಲ್ಲ.

"ನನ್ನ ಬಿಟ್ಟು ಹೋಗ್ತೀಯಾ?"

"ಹೋಗ್ಬೇಕು ಅಂತಲೇ ಅನ್ಸತ್ತೆ. ಕಾಲು ಏಳ್ತಿಲ್ಲ."

"ಏನ್ಮಾಡ್ಲಿ ಹೇಳು..."

"ನಾನು ಗೊತ್ತಿಲ್ಲ ಅಂದ್ರೆ, ನಂಗೆ ಗೊತ್ತಿಲ್ಲ ಅಂತಲೇ ನಂಬು. ಅಷ್ಟು ಸಾಕು."