ಕೆಂಪು ಚೀಟಿ ಇಲ್ಲದ ಸೀಸೆ

ಸೋಮವಾರ ಬೆಳಿಗ್ಗೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಮನೆಯಲ್ಲೇ ಬಟ್ಟೆ ಹೊಲಿಯುವವಳು. ತೋಳಿಗೆ ಚುಚ್ಚಿಕೊಂಡಿದ್ದ ಸೂಜಿಯನ್ನು ತೆಗೆಯುವುದೂ ಮರೆತುಹೋಗಿತ್ತು.

"ಅಪ್ಪನಿಗೆ ಕೊಟ್ಟಿದ್ದು ಔಷಧ ಅಲ್ಲ ಸಾರ್, ಬರೀ ನೀರು. ಆಸ್ಪತ್ರೆಯವರೇ ಪರೀಕ್ಷೆ ಮಾಡಿಸಿ ಒಪ್ಪಿದಾರೆ. ಸಿಸ್ಟರ್ ಔಷಧ ಕದ್ದು ನೀರು ತುಂಬಿಟ್ಟಳು ಅಂತಾರೆ. ಆ ಸಿಸ್ಟರು ಅಪ್ಪನ ಕೈ ಹಿಡ್ಕೊಂಡು ಅಳ್ತಾ ಇದ್ದಳು. ನಾನು ಯಾರನ್ನ ನಂಬಲಿ?"

ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರು ಕೆಮ್ಮಿನ ದಫೇದಾರನನ್ನು ಕರೆದುಕೊಂಡು ಹೊರಟರು. ಇವನ ಕೆಮ್ಮು ಕೇಳಿಯೇ ಅರ್ಧ ಊರಿನ ಕಳ್ಳರು ಪರಾರಿಯಾಗುತ್ತಾರೆಂದು ಠಾಣೆಯಲ್ಲಿ ತಮಾಷೆ. ವಾರ್ಡಿನ ಬಾಗಿಲಲ್ಲಿ ಅವನೂ ಕೆಮ್ಮು ನುಂಗಿಕೊಂಡ.

ನಡೆದದ್ದು ಇಷ್ಟು. ಶುಕ್ರವಾರ ಸಂಜೆ ಯಾವುದೋ ಇಂಜೆಕ್ಷನ್ ಒಗ್ಗದೆ ಆ ಮುದುಕರ ಬಿ.ಪಿ. ಕುಸಿಯಿತು. ಸಿಸ್ಟರ್ ತುರ್ತು ಟ್ರಾಲಿಯಲ್ಲಿದ್ದ ಒಂದೇ ಸೀಸೆಯ ಔಷಧ ಕೊಟ್ಟಳು. ಏನೂ ಆಗಲಿಲ್ಲ. ಕೆಳಗಿನ ಔಷಧದಂಗಡಿಯಿಂದ ಇನ್ನೊಂದು ಸೀಸೆ ತರಿಸುವಷ್ಟರಲ್ಲಿ ಜೀವ ಹೋಗಿತ್ತು.

ಅಮಾನತಾದ ಸಿಸ್ಟರನ್ನು ಸ್ಟೋರ್ ರೂಮಿನಲ್ಲಿ ಕೂರಿಸಿ ವಿಚಾರಿಸಿದರು.

"ಕದ್ದೆಯಾ?"

"ಇಲ್ಲ ಸಾರ್."

"ಟ್ರಾಲಿ ಮುಟ್ಟಿದವರು ಬೇರೆ ಯಾರು?"

"ಅವತ್ತು ಬೆಳಿಗ್ಗೆ ಸುರಕ್ಷತೆ ಡಾಕ್ಟ್ರು ಡ್ರಿಲ್ ಮಾಡಿಸಿದ್ರು. ಅಷ್ಟೇ."

ಹೊರಗೆ ಬಂದ ಮೇಲೆ ದಫೇದಾರ ಗೊಣಗಿದ: "ಬಸ್ ಚಾರ್ಜಿಗೂ ಸಾಲದ ಔಷಧ. ಅದನ್ನ ಕದ್ದು ಯಾರು ಉದ್ಧಾರ ಆಗ್ತಾರೆ ಸಾರ್?"

ವಾರ್ಡಿನವರು ಸುರಕ್ಷತೆ ಡಾಕ್ಟ್ರು ಎನ್ನುತ್ತಿದ್ದುದು ಒಬ್ಬ ಸಂಶೋಧಕಿಯನ್ನು. ಆಸ್ಪತ್ರೆಯಲ್ಲಿ ತಪ್ಪು ಹೇಗಾಗುತ್ತದೆ ಎಂಬುದೇ ಆಕೆಯ ಅಧ್ಯಯನ. ಡ್ರಿಲ್ ಇದ್ದಾಗ ಹೇಳದೆ ಕೇಳದೆ ಬಂದು ಹಾಸಿಗೆಯ ಮೇಲೆ ರಬ್ಬರ್ ಗೊಂಬೆ ಮಲಗಿಸಿ "ಉಸಿರಿಲ್ಲ!" ಎಂದು ಕೂಗುವರು. ಸಿಸ್ಟರುಗಳ ಕೈ ಎಲ್ಲಿ ತಡವರಿಸಿತು, ಏಕೆ ತಡವರಿಸಿತು ಎಂದು ನೋಡುವರು. ಅದಕ್ಕಾಗಿ ಟ್ರಾಲಿಯ ಅಸಲಿ ಸೀಸೆ ತೆಗೆದು ಅದರಂತೆಯೇ ಕಾಣುವ ನೀರಿನ ಸೀಸೆ ಇಟ್ಟು, ಮುಗಿದ ಮೇಲೆ ಮತ್ತೆ ಬದಲಿಸುವುದು ವಾಡಿಕೆ. ತಪ್ಪಾದರೆ ಹೆಸರಿಲ್ಲದೆ ಬರೆದು ಹಾಕಲು ಗೋಡೆಗೆ ಪೆಟ್ಟಿಗೆಯನ್ನೂ ತೂಗುಹಾಕಿಸಿದ್ದರು. ಮೇಲೆ ಅವರದೇ ದುಂಡಕ್ಷರ: 'ಹೆದರದೆ ಹೇಳಿ.'

"ನನ್ನ ಸೀಸೆಗೆಲ್ಲ 'ತರಬೇತಿಗೆ ಮಾತ್ರ' ಅಂತ ಕೆಂಪು ಚೀಟಿ ಅಂಟಿಸಿರ್ತೀನಿ," ಎಂದರು ಡಾಕ್ಟ್ರು. "ಬೆರೆತುಹೋಗೋ ಮಾತೇ ಇಲ್ಲ. ಆಸ್ಪತ್ರೆಯವರಿಗೂ ಅದನ್ನೇ ಹೇಳಿದೀನಿ."

"ಹಾಗಾದ್ರೆ ಒಂದು ಡ್ರಿಲ್ ಮಾಡಿ ತೋರಿಸಿ ಮೇಡಂ. ನಾವೂ ಕಲಿಯೋಣ," ಎಂದರು ಇನ್‌ಸ್ಪೆಕ್ಟರು.

ಮಂಗಳವಾರ ಮಧ್ಯಾಹ್ನ ಪಂಚರ ಎದುರು ಗೊಂಬೆ ಮಲಗಿತು, ಡಾಕ್ಟ್ರು ಕೂಗಿದರು. ಇನ್‌ಸ್ಪೆಕ್ಟರು ವಾರ್ಡಿನ ಹಿರಿಯ ಸಿಸ್ಟರಿಗೆ ಮುಂಚೆ ಏನೂ ಹೇಳಿರಲಿಲ್ಲ. ಆಕೆ ಓಡಿಬಂದು ಟ್ರಾಲಿಯ ಡ್ರಾಯರ್ ಎಳೆದು ಸೀಸೆಗೆ ಕೈ ಹಾಕಿದವಳು ಹಾಗೇ ನಿಂತುಬಿಟ್ಟಳು. ಸೀಸೆಯನ್ನು ತಿರುಗಿಸಿ ನೋಡಿದಳು.

"ಇದೇನು ಮೇಡಂ, ಕೆಂಪು ಚೀಟಿ? ಹೊಸದಾ?"

ಕೈ ಎಲ್ಲಿ ತಡವರಿಸುತ್ತದೆ ನೋಡಬೇಕೆಂದು ಇಷ್ಟು ದಿನ ಇತರರಿಗೆ ಕಲಿಸಿದ ಡಾಕ್ಟ್ರು ನೆಲ ನೋಡುತ್ತಿದ್ದರು. ಇನ್‌ಸ್ಪೆಕ್ಟರಿಗೆ ಗೆದ್ದ ಖುಷಿಯೇನೂ ಆಗಲಿಲ್ಲ.

"ಚೀಟಿ ಯಾವಾಗ ಅಂಟಿಸಿದ್ರಿ?"

"ನಿನ್ನೆ."

"ಮುಂಚೆ ಯಾಕಿರಲಿಲ್ಲ?"

"ಚೀಟಿ ಕಂಡ್ರೆ ಆಟ ಅಂತ ಗೊತ್ತಾಗಿಬಿಡುತ್ತೆ. ಕೈ ನಿಧಾನ ಆಗುತ್ತೆ. ಆಮೇಲೆ ನಾನು ಅಳೆಯೋದೆಲ್ಲ ಸುಳ್ಳು."

"ಶುಕ್ರವಾರ ಏನಾಯ್ತು?"

"ಬದಲಿಸೋ ಹೊತ್ತಿಗೆ ಮೀಟಿಂಗಿಗೆ ಕರೆದ್ರು, ಓಡಿದೆ. ಮಧ್ಯಾಹ್ನ ಕೋಟಿನ ಜೇಬಿಗೆ ಕೈ ಹಾಕಿದ್ರೆ ಅಸಲಿ ಸೀಸೆ ನನ್ನ ಹತ್ರಾನೇ ಇತ್ತು."

"ಮಧ್ಯಾಹ್ನ. ಆ ಮುದುಕರು ಹೋಗಿದ್ದು ಸಂಜೆ."

"ಆಗ ವಾರ್ಡಿನ ತುಂಬ ಜನ. ಟ್ರಾಲಿ ತೆಗೆದ್ರೆ ಯಾಕೆ ಅಂತ ಕೇಳ್ತಾರೆ, ಅಧ್ಯಯನಾನೇ ನಿಲ್ಲಿಸಿಬಿಡ್ತಾರೆ. ಡ್ಯೂಟಿ ಬದಲಾಗುವಾಗ ಯಾರಿಗೂ ಕಾಣದಂಗೆ ಇಟ್ಟುಬಿಡೋಣ ಅಂದ್ಕೊಂಡೆ. ಅಷ್ಟರಲ್ಲಿ..."

ಅವರ ಮೇಜಿನ ಡ್ರಾಯರಿನಿಂದ ಅಸಲಿ ಸೀಸೆಯನ್ನು ಪಂಚನಾಮೆ ಬರೆದು ವಶಪಡಿಸಿಕೊಂಡರು. ಗೋಡೆಯ ಪೆಟ್ಟಿಗೆಯನ್ನೂ ತೆಗೆಸಿದರು. ಒಳಗೆ ಏನೂ ಇರಲಿಲ್ಲ.

"ಸಿಸ್ಟರ್ ಮೇಲೆ ಕಳ್ಳತನದ ಆರೋಪ ಬಂತು. ಆಗಲಾದ್ರೂ ಒಂದು ಚೀಟಿ ಬರೆದು ಇದರಲ್ಲಿ ಹಾಕಬಹುದಿತ್ತಲ್ಲ ಮೇಡಂ? ಹೆಸರು ಬೇಕಿರಲಿಲ್ಲ."

"ನನ್ನ ಅಕ್ಷರ ಎಲ್ಲರಿಗೂ ಗೊತ್ತು."

ಸಂಜೆ ಐದಕ್ಕೆ ಬಂಧಿಸಿದರು. ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯ ಮರೆಮಾಚಿದ್ದು. ಕಾರಿಡಾರಿನಲ್ಲಿ ನಡೆಯುತ್ತ ಡಾಕ್ಟ್ರು ಯಾರೂ ಕೇಳದೆಯೇ ಹೇಳಿದರು: "ನಮ್ಮಮ್ಮ ಹಿಂಗೇ ಒಂದು ವಾರ್ಡಲ್ಲಿ ಹೋದಳು. ಏನಾಯ್ತು ಅಂತ ಇವತ್ತಿಗೂ ಯಾರೂ ಹೇಳಿಲ್ಲ. ಒಬ್ಬರಾದ್ರೂ ಹೇಳಿದ್ರೆ ಸಾಕಿತ್ತು. ಅದಕ್ಕೇ ನಾನು ಈ ಕೆಲಸಕ್ಕೆ ಬಂದಿದ್ದು."

ಕಾರಿಡಾರಿನ ಕೊನೆಯ ಬೆಂಚಿನ ತುದಿಯಲ್ಲಿ ಸಿಸ್ಟರ್ ಕೂತಿದ್ದಳು. ಸ್ವಲ್ಪ ದೂರದಲ್ಲಿ, ಗೋಡೆಗೆ ಒರಗದೆ, ಸತ್ತವರ ಮಗಳು ನಿಂತಿದ್ದಳು. ಇನ್‌ಸ್ಪೆಕ್ಟರು ನಡಿಗೆ ನಿಲ್ಲಿಸಿದರು.

"ಹೇಳಿ ಮೇಡಂ. ಅವರಪ್ಪ ಹೇಗೆ ಹೋದ್ರು ಅಂತ ನೀವೇ ಹೇಳಿ."

ಡಾಕ್ಟ್ರು ಮಗಳ ಎದುರು ಹೋಗಿ ನಿಂತರು. ಜೇಬಿನಲ್ಲಿ ಉಳಿದ ಸೀಸೆಯಿಂದ ಹಿಡಿದು ಎಲ್ಲವನ್ನೂ, ಮಧ್ಯಾಹ್ನವೇ ತಿಳಿದದ್ದನ್ನೂ ಬಿಡದೆ ಹೇಳಿದರು. ಮಗಳು ಬೈಯಲಿಲ್ಲ, ಅಳಲೂ ಇಲ್ಲ. ಕೇಳಿ ಮುಗಿದ ಮೇಲೆ ಹೋಗಿ ಸಿಸ್ಟರ ಪಕ್ಕದಲ್ಲಿ ಕೂತಳು.