ಕೆಂಪು ಗಿಟಾರೂ ಎರಡು ಹಾರನ್ನೂ

"ಎಂತ? ಇದ್ರಿಂದ ಸೌಂಡೇ ಬರಲ್ವಾ?"

ಸುಷ್ಮಾಳ ತೆರೆದ ಬಾಯಿ ತೆರೆದೇ ಉಳಿಯಿತು. ಅವಳ ತೊಡೆಯ ಮೇಲೆ ಒಂದು ಕೆಂಪು ಎಲೆಕ್ಟ್ರಿಕ್ ಗಿಟಾರ್ ಇತ್ತು. ಎಂಥ ಕೆಂಪು ಅಂತೀರಿ! ಆದರೆ ತಂತಿಯನ್ನು ಎಷ್ಟು ಜೋರಾಗಿ ಮೀಟಿದರೂ ಅದು ಸೊಳ್ಳೆಯ ಹಾಗೆ 'ಟಿಂಯ್' ಅನ್ನುತ್ತಿತ್ತು, ಅಷ್ಟೆ.

ಸಾಗರದ ಆ ಸಂಗೀತದ ಅಂಗಡಿ ಅಪರ್ಣಾ ಮೇಡಂ ಅವರದು. ಅವರು ನಕ್ಕರು.

"ನೀನು ಸ್ಕೂಲಲ್ಲಿ ನುಡಿಸ್ತೀನಿ ಅಂದ್ಯಲ್ಲ, ಆ ಗಿಟಾರಿನ ಹೊಟ್ಟೆ ಟೊಳ್ಳು. ಅದಕ್ಕೇ ಅದು ತಾನೇ ಸೌಂಡ್ ಮಾಡತ್ತೆ. ಇದು ಗಟ್ಟಿ ಮರ. ಆಂಪ್ಲಿಫೈಯರಿಗೆ ಹಾಕಿದ್ರೆ ಮಾತ್ರ ಕೇಳೋದು. ನಿನ್ನ ಬಜೆಟ್ ಎಷ್ಟು?"

"ಹತ್ತು ಸಾವಿರ. ಅದ್ರ ಮೇಲೆ ಒಂದ್ರೂಪಾಯೂ ಇಲ್ಲ ಅಂದಿದಾನೆ ಅಪ್ಪ."

"ಹಾಗಾದ್ರೆ ಈ ಕೆಂಪನ್ನು ಮರೆತುಬಿಡು. ಇದೊಂದಕ್ಕೇ ನಿನ್ನ ದುಡ್ಡೆಲ್ಲ ಹೋಗತ್ತೆ. ಅಗೋ, ಆ ಕಂದು ಬಣ್ಣದ್ದು ನೋಡು. ಜೊತೆಗೆ ಈ ಚಿಕ್ಕ ಆಂಪು. ಎರಡೂ ಸೇರಿ ಹತ್ತರೊಳಗೆ ಬರತ್ತೆ. ಕಣ್ಣು ಮುಚ್ಕೊಂಡು ಕೇಳು, ನುಡಿಸಿ ತೋರಿಸ್ತೀನಿ."

ಸುಷ್ಮಾ ಕಣ್ಣು ಮುಚ್ಚಿದಳು. ಮುಚ್ಚಿದ ಹಾಗೆ ಮಾಡಿದಳು ಅಂದರೆ ಸರಿ. ರೆಪ್ಪೆಯ ಸಂದಿಯಿಂದ ಕೆಂಪು ಗಿಟಾರನ್ನೇ ನೋಡುತ್ತಿದ್ದಳು. ಮೇಡಂ ಏನು ನುಡಿಸಿದರೋ ಅವಳಿಗೆ ಕೇಳಿಸಲೇ ಇಲ್ಲ. ಕಂದು ಗಿಟಾರಂತೆ! ಕ್ಲಾಸಿನ ಬೆಂಚಿಗೂ ಅದಕ್ಕೂ ಏನು ವ್ಯತ್ಯಾಸ? ಗೆಳತಿ ಆಶಾಗೆ 'ಕೆಂಪು ಗಿಟಾರ್ ತರ್ತೀನಿ' ಅಂತ ಹೇಳಿಯೂ ಆಗಿತ್ತು.

ಅವಳ ಮುಖ ಬಾಡಿತು. ಅಪ್ಪ ಪೂರ್ಣೇಶ್ ಆ ಮುಖವನ್ನು ಒಮ್ಮೆ ನೋಡಿದ.

"ಮೇಡಂ, ಕೆಂಪೇ ಕೊಡಿ. ಆಂಪು ನಮ್ಮನೇಲೇ ಇದೆ. ಹೊಸನಗರದಲ್ಲಿ ನಂದು ಮೈಕ್ ಸೆಟ್. ಅರ್ಧ ಊರಿಗೆ ಕೇಳೋ ಅಂಥ ಆಂಪು."

"ಅದು ಮಾತಿಗೆ, ಹಾಡಿಗೆ ಮಾಡಿದ್ದು ಸರ್. ಗಿಟಾರಿಗೆ ಸರಿ ಹೋಗಲ್ಲ. ನಿಮಗೆ ಗೊತ್ತಿರತ್ತಲ್ಲ, ಆ ಹಾರನ್ ಸ್ಪೀಕರು..."

"ಆಗತ್ತೆ ಬಿಡಿ," ಅಂದ ಅಪ್ಪ, ಬೇರೆ ಕಡೆ ನೋಡುತ್ತಾ.

ಮೇಡಂ ಬಿಲ್ ಬರೆದರು. "ಗೀರು ಬೀಳದ ಹಾಗೆ ಇಟ್ಕೊ. ಬೇಡ ಅನ್ನಿಸಿದ್ರೆ ಈ ವಾರದೊಳಗೆ ತಂದು ಬದಲಾಯಿಸ್ಕೊಬಹುದು."

ಬೇಡ ಅನ್ನಿಸುವುದಾ? ಸುಷ್ಮಾಗೆ ನಗು ಬಂತು.

ಹೊಸನಗರದಲ್ಲಿ ಬಸ್ಸಿಳಿದವರು ನೇರ ಬೆಳ್ಳಪ್ಪನವರ ಹೊಸ ಮನೆಗೆ ಹೋದರು. ಮರುದಿನ ಅಲ್ಲಿ ಗೃಹಪ್ರವೇಶ, ಮೈಕ್ ಅಪ್ಪನದೇ. ಅಪ್ಪ ಬೆಳಿಗ್ಗೆಯೇ ಬೈಕನ್ನು ಅಲ್ಲಿ ಬಿಟ್ಟು, ಹಲಸಿನ ಮರಕ್ಕೆ ಎರಡು ಹಾರನ್ ಕಟ್ಟಿ, ಜಗುಲಿಯ ಮೇಲೆ ಆಂಪ್ಲಿಫೈಯರ್ ಇಟ್ಟು ಬಂದಿದ್ದ. ಅದನ್ನೊಮ್ಮೆ ನೋಡಿಕೊಂಡು ಮನೆಗೆ ಹೋಗುವುದು ಎಂದಿತ್ತು.

ಆದರೆ ಕೈಯಲ್ಲಿ ಗಿಟಾರ್ ಇದೆ, ಎದುರಿಗೆ ಆಂಪು ಇದೆ. ಸುಮ್ಮನಿರುವುದು ಹೇಗೆ?

"ಅಪ್ಪಾ, ಒಂದೇ ಒಂದ್ಸಲ. ಪ್ಲೀಸ್!"

ಅಪ್ಪ ತಲೆ ಕೆರೆದುಕೊಂಡ. ಆಮೇಲೆ ವೈರ್ ಚುಚ್ಚಿ ಕೊಟ್ಟ. "ಮೆತ್ತಗೆ ನುಡಿಸು ಆಯ್ತಾ?"

ಅವಳು ನುಡಿಸಿದಳು. ಮರದ ಮೇಲಿನಿಂದ ತಗಡು ಬಡಿದ ಹಾಗೆ ಏನೋ ಒಂದು ಕೇಳಿಸಿತು.

"ಇಷ್ಟೇನಾ? ಸ್ವಲ್ಪ ಜಾಸ್ತಿ ಮಾಡಪ್ಪಾ. ಇನ್ನೂ ಸ್ವಲ್ಪ!"

ಅಪ್ಪ ವಾಲ್ಯೂಮ್ ತಿರುಗಿಸಿದ. ಸುಷ್ಮಾ ಉಸಿರು ಬಿಗಿಹಿಡಿದು, ಎಲ್ಲಕ್ಕಿಂತ ದಪ್ಪ ತಂತಿಯನ್ನು ಬಲವಾಗಿ ಎಳೆದು ಬಿಟ್ಟಳು.

ಘ್ರಾಂ‌‌‌‌ಯ್‌ಯ್‌ಯ್!

ದೇವರೇ! ಅದು ಶಬ್ದವೋ, ಸಿಡಿಲೋ! ಬೆಳ್ಳಪ್ಪನವರ ಕೈಯಿಂದ ಕಾಫಿ ಲೋಟ ಹಾರಿತು. ಕಾಯಿ ತುರಿಯುತ್ತಿದ್ದ ಹೆಂಗಸರು ಕಿಟಾರನೆ ಕಿರುಚಿದರು. ಕೊಟ್ಟಿಗೆಯಲ್ಲಿದ್ದ ಕರು ಹಗ್ಗ ಕಿತ್ತುಕೊಂಡು ಗೇಟು ದಾಟಿತು. ಅದರ ಹಿಂದೆ ನಾಯಿ, ನಾಯಿಯ ಹಿಂದೆ ಅಡುಗೆ ಭಟ್ಟರು.

ಅಷ್ಟರಲ್ಲಿ ಮರದ ಮೇಲೆ 'ಟಪ್' ಎಂದಿತು. ಮತ್ತೊಮ್ಮೆ 'ಟಪ್'. ಆಮೇಲೆ ಏನೂ ಇಲ್ಲ.

ಅಪ್ಪ ಏಣಿ ಹತ್ತಿ ಹಾರನ್ನಿನ ಹಿಂದಿದ್ದ ಯೂನಿಟ್ ಬಿಚ್ಚಿದ. ಶಬ್ದ ಹುಟ್ಟುವುದೇ ಆ ಡಬ್ಬಿಯಲ್ಲಿ. ಒಳಗೆಲ್ಲ ಕಪ್ಪಾಗಿತ್ತು. ಸುಟ್ಟ ವಾಸನೆ ಕೆಳಗಿನವರೆಗೂ ಬಂತು.

"ಎರಡೂ ಹೋದ್ವು," ಅಂದ ಅಪ್ಪ.

"ಹೋದ್ವು ಅಂದ್ರೆ ಎಂತ ಮಾರಾಯ?" ಬೆಳ್ಳಪ್ಪನವರ ದನಿ ಏರಿತು. "ಬೆಳಿಗ್ಗೆ ನೂರಾರು ಜನ ಬರ್ತಾರೆ. ಮೈಕ್ ಇಲ್ದೆ ಹ್ಯಾಂಗೆ? ನಿನ್ನ ಮಗಳಿಗೆ ಆಟ ಆಡೋಕೆ ನಮ್ಮನೆ ಕಾರ್ಯನೇ ಬೇಕಾಗಿತ್ತಾ?"

ಸುಷ್ಮಾ ಗಿಟಾರನ್ನು ಬೆನ್ನ ಹಿಂದೆ ಸರಿಸಿದಳು. ಅಪ್ಪನಿಗೆ ಯಾರೂ ಹೀಗೆ ಬೈದದ್ದನ್ನು ಅವಳು ನೋಡಿರಲಿಲ್ಲ.

"ತಪ್ಪು ನಂದು. ಮಗು ಎಂತ ಮಾಡ್ಲಿಲ್ಲ," ಅಂದ ಅಪ್ಪ. "ಕತ್ತಲೆ ಆಗೋದ್ರೊಳಗೆ ಬೇರೆ ಹಾರನ್ ಕಟ್ಟಿರ್ತೀನಿ."

ಬೇರೆ ಹಾರನ್ ಎಲ್ಲಿಂದ? ಮನೆಯಲ್ಲಿದ್ದದ್ದು ಆ ಎರಡೇ. ಬೈಕಿನ ಹಿಂದೆ ಗಿಟಾರ್ ತಬ್ಬಿಕೊಂಡು ಕೂತಿದ್ದ ಸುಷ್ಮಾಗೆ, ಅಪ್ಪ ಎಲ್ಲಿಗೆ ಹೋಗುತ್ತಿದ್ದಾನೆಂದು ಗೊತ್ತಾದಾಗ ಇನ್ನೊಂದು ಶಾಕ್ ಹೊಡೆಯಿತು.

ಶಿವಮೂರ್ತಿಯವರ ಅಂಗಡಿ! ಪೇಟೆಯ ಇನ್ನೊಂದು ಮೈಕ್ ಸೆಟ್ ಅವರದೇ. ಒಂದು ಗಣಪತಿ ಹಬ್ಬದ ಬುಕಿಂಗಿಗಾಗಿ ಜಗಳವಾದ ಮೇಲೆ ಅಪ್ಪ ಆ ಅಂಗಡಿಯ ಮುಂದೆ ಹಾಯುತ್ತಲೇ ಇರಲಿಲ್ಲ. ಹಾಲಿನ ಡೈರಿಗೆ ಹೋಗುವುದಿದ್ದರೂ ಹಿಂದಿನ ಬೀದಿ ಸುತ್ತಿಕೊಂಡು ಹೋಗುತ್ತಿದ್ದ. ಅಂಥ ಅಪ್ಪ ಈಗ ಅವರ ಮೆಟ್ಟಿಲ ಕೆಳಗೆ ನಿಂತಿದ್ದ.

"ಆ ಸೌಂಡು ನಿಂದಾ?" ಶಿವಮೂರ್ತಿ ಬೆರಗಾಗಿ ಎದ್ದು ನಿಂತರು. "ನಾನು ಟ್ರಾನ್ಸ್‌ಫಾರ್ಮರ್ ಸಿಡೀತು ಅಂದ್ಕೊಂಡೆ!"

ಅಪ್ಪ ನಡೆದದ್ದನ್ನೆಲ್ಲ ಹೇಳಿದ. ಶಿವಮೂರ್ತಿ ಹಣೆ ಚಚ್ಚಿಕೊಂಡರು.

"ಗಿಟಾರನ್ನ ಹಾರನ್ನಿಗೆ ಹಾಕಿದ್ಯಾ? ದಪ್ಪ ತಂತಿ ಎಳೆದ್ರೆ ಯೂನಿಟ್ ಸುಟ್ಟು ಹೋಗಲ್ವನಾ? ಇಷ್ಟು ವರ್ಷ ಇದೇ ಕಸುಬು ಮಾಡಿ, ಅಷ್ಟೂ ಗೊತ್ತಿರ್ಲಿಲ್ವಾ ನಿಂಗೆ?"

ಅಪ್ಪ ಮೆಟ್ಟಿಲನ್ನೇ ನೋಡಿದ. ಮೆಲ್ಲಗೆ, "ಗೊತ್ತಿತ್ತು," ಅಂದ.

ಗೊತ್ತಿತ್ತಾ?

ಸುಷ್ಮಾ ಬೈಕಿನ ಪಕ್ಕದಲ್ಲಿ ಕಲ್ಲಿನ ಹಾಗೆ ನಿಂತಳು. ಹಾಗಾದರೆ ಸಾಗರದ ಅಂಗಡಿಯಲ್ಲೂ ಗೊತ್ತಿತ್ತು. 'ಆಗತ್ತೆ ಬಿಡಿ' ಅಂದಾಗಲೂ ಗೊತ್ತಿತ್ತು. ಮತ್ತೆ ಯಾಕೆ... ಅವಳಿಗೆ ತನ್ನ ಬಾಡಿದ ಮುಖ ನೆನಪಾಯಿತು. ಆ ಮುಖವನ್ನು ಅಪ್ಪ ನೋಡಿದ್ದೂ ನೆನಪಾಯಿತು.

ಶಿವಮೂರ್ತಿ ಅವಳನ್ನು ನೋಡಿದರು. ಅವಳು ತಬ್ಬಿ ಹಿಡಿದಿದ್ದ ಕೆಂಪು ಗಿಟಾರನ್ನು ನೋಡಿದರು. ಒಳಗೆ ಹೋಗಿ ಎರಡು ಹಾರನ್ ತಂದು ಅಪ್ಪನ ಕೈಗಿಟ್ಟರು.

"ನಡಿ, ಏಣಿ ಹಿಡ್ಕೊಳ್ಳೋಕೆ ನಾನೂ ಬರ್ತೀನಿ. ಮಗು ಹತ್ರ ಹಿಡಿಸ್ತೀಯಾ ಎಂತ?"

ಗೃಹಪ್ರವೇಶ ಚೆನ್ನಾಗಿಯೇ ಆಯಿತು. ಕರುವೂ ಮನೆಗೆ ಬಂತು. ಅಂದು ಮಧ್ಯಾಹ್ನ ಪಾಯಸ ಬಡಿಸುವ ಹೊತ್ತಿಗೆ ಸುಷ್ಮಾ ಅಪ್ಪನ ಪಕ್ಕಕ್ಕೆ ಸರಿದಳು.

"ಅಪ್ಪಾ, ಗಿಟಾರಿಗೆ ಒಂದು ಗೀರೂ ಬಿದ್ದಿಲ್ಲ. ಸಾಗರಕ್ಕೆ ಹೋಗಣ?"

ಅಪ್ಪ ಎಲೆಯಿಂದ ತಲೆ ಎತ್ತಿದ. "ಕೆಂಪು ಬೇಡ್ವಾ?"

ಅವಳು ಬೇಡವೆಂದು ತಲೆಯಾಡಿಸಿದಳು.

ಮರುದಿನ ಅಪರ್ಣಾ ಮೇಡಂ ಕೆಂಪು ಗಿಟಾರನ್ನು ತಿರುಗಿಸಿ ಮುರುಗಿಸಿ ನೋಡಿ ಗೋಡೆಗೆ ನೇತುಹಾಕಿದರು. ಕಂದು ಗಿಟಾರನ್ನು ಚಿಕ್ಕ ಆಂಪಿಗೆ ಸಿಕ್ಕಿಸಿದರು. ಈ ಸಲ ಯಾರೂ ಹೇಳದೆ ಸುಷ್ಮಾ ಕಣ್ಣು ಮುಚ್ಚಿದಳು. ಗಟ್ಟಿಯಾಗಿ, ನಿಜವಾಗಿ ಮುಚ್ಚಿದಳು.

ದಪ್ಪ ತಂತಿ ಮಿಡಿಯಿತು. ಅಯ್ಯೋ, ಇದು ಅದೇ ತಂತಿಯಾ! ತಗಡಿಲ್ಲ, ಸಿಡಿಲಿಲ್ಲ. ದುಂಡಗೆ, ಬೆಚ್ಚಗೆ ಬಂದು, ಕೂತಿದ್ದ ಸ್ಟೂಲಿನವರೆಗೂ ನಡುಗಿಸಿ, ನಿಧಾನವಾಗಿ ಮುಗಿಯಿತು. ಅವಳ ತೋಳಿನ ರೋಮವೆಲ್ಲ ನೆಟ್ಟಗಾಯಿತು. ಇಷ್ಟು ಚಂದದ ಶಬ್ದ ಮೊನ್ನೆಯೂ ಇಲ್ಲೇ ಇತ್ತಲ್ಲ!

"ಇದೇ," ಅಂದಳು.

"ಕಣ್ಣು ಬಿಟ್ಟು ಬಣ್ಣ ನೋಡು ಮಾರಾಯ್ತಿ, ಆಮೇಲೆ ಹೇಳು," ಅಂದ ಅಪ್ಪ.

"ಕಂದು. ಗೊತ್ತು ನಂಗೆ."

ಹೊಸನಗರದಲ್ಲಿ ಬಸ್ಸಿಳಿದಾಗ ಸಂಜೆಯಾಗಿತ್ತು. ಅಪ್ಪ ಆಂಪನ್ನು ಹೆಗಲಿಗೇರಿಸಿದ. ಸುಷ್ಮಾ ಗಿಟಾರ್ ಹಿಡಿದು ಅಭ್ಯಾಸದಂತೆ ಹಿಂದಿನ ಬೀದಿಗೆ ತಿರುಗಿದಳು. ನಾಲ್ಕು ಹೆಜ್ಜೆ ಹಾಕಿ ನೋಡಿದರೆ ಪಕ್ಕದಲ್ಲಿ ಅಪ್ಪ ಇಲ್ಲ.

ಅಪ್ಪ ಮುಂದಿನ ಬೀದಿಯಲ್ಲೇ ನಡೆಯುತ್ತಿದ್ದ, ಶಿವಮೂರ್ತಿಯವರ ಅಂಗಡಿಯ ಕಡೆಗೆ. ಸುಷ್ಮಾ ಓಡಿಹೋಗಿ ಅವನ ಖಾಲಿ ಕೈಯನ್ನು ಹಿಡಿದುಕೊಂಡಳು.